ಪಬ್ಲಿಕ್ ಎನಿಮೀಸ್: ಜಾಗ, ಬಂದೂಕು, ಟೋಪಿ ಪಕ್ಕಾ, ತಾರೀಖು ಮಾತ್ರ ಹಿಂದುಮುಂದು

ಸಿನಿಮಾ ಶುರು ಮಾಡುವ ಮೊದಲು ಟಿ.ವಿ.ಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿನಲ್ಲಿ ಅದು ಅಡಗಿ ಕೂತಿರುತ್ತದೆ. ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮನ್ನು ಟಿ.ವಿ.ಯೇ ಹೊಸೆದು ತುರುಕುವ ಸೌಲಭ್ಯ ಅದು. ಬೇರೆ ಸಿನಿಮಾಗಳಿಗೆ ಅದು ಬರೀ ಕಿರಿಕಿರಿ, ಮೈಕಲ್ ಮ್ಯಾನ್ ನಿರ್ದೇಶಿಸಿದ 2009ರ 'ಪಬ್ಲಿಕ್ ಎನಿಮೀಸ್'ಗೆ ಮಾತ್ರ ವಿಷ. ಅಮೆರಿಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನ ಕಥೆ ಹೇಳುವ 140 ನಿಮಿಷದ ಈ ಸಿನಿಮಾ ಮೊದಲೇ ಅರ್ಧ ವಿಡಿಯೋ ಥರ ಕಾಣುತ್ತದೆ. ಅದರ ಮೇಲೆ ಟಿ.ವಿ.ಯ ಕೈಚಳಕವೂ ಸೇರಿದರೆ 1933ರ ಚಿಕಾಗೋ ಮಧ್ಯಾಹ್ನದ ಧಾರಾವಾಹಿಯ ಸೆಟ್ಟಿನಂತೆ ಆಗಿಬಿಡುತ್ತದೆ. "ಬಜೆಟ್ ಕಮ್ಮಿ ಇತ್ತೇನೋ" ಎಂದು ಅರ್ಧಕ್ಕೇ ಎದ್ದುಹೋದವರಲ್ಲಿ ಎಷ್ಟೋ ಜನ ಬೈಯಬೇಕಾದದ್ದು ತಮ್ಮ ಟಿ.ವಿ.ಯನ್ನು.

ವಿಡಿಯೋ ಥರ ಕಾಣುವುದಕ್ಕೆ ಕಾರಣವಿದೆ. ಹಳೆಯ ಕಾಲದ ಕಥೆ ಎಂದರೆ ಫಿಲ್ಮಿನಲ್ಲಿ ತೆಗೆದು, ಮೇಲೊಂದಿಷ್ಟು ಕಂದು ಬಣ್ಣ ಬಳಿದು, ಹಳೆ ಆಲ್ಬಮ್ಮಿನ ಫೋಟೋದಂತೆ ಮಾಡುವುದು ರೂಢಿ. ಮ್ಯಾನ್ ಮತ್ತು ಛಾಯಾಗ್ರಾಹಕ ಡಾಂಟೆ ಸ್ಪಿನೊಟ್ಟಿ ಅದರ ತದ್ವಿರುದ್ಧ ಹೋದರು. ಸೋನಿಯ ಎಫ್23 ಎಂಬ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಅದರ ಸೆನ್ಸರ್ ಬರೀ ಮೂರನೇ ಎರಡು ಇಂಚಿನದು. ಸೆನ್ಸರ್ ಚಿಕ್ಕದಾದಷ್ಟೂ ಹತ್ತಿರದ್ದು ದೂರದ್ದು ಎಲ್ಲವೂ ಒಟ್ಟಿಗೇ ಫೋಕಸ್ಸಿನಲ್ಲಿ ಇರುತ್ತವೆ. ನಾಯಕನ ಮುಖ ಮಾತ್ರ ನಿಚ್ಚಳವಾಗಿ, ಹಿಂದಿನದೆಲ್ಲ ಮಸುಕಾಗುವ ಸಿನಿಮಾದ ಸೊಗಸು ಇಲ್ಲಿ ಸಿಗದು. ಬದಲಿಗೆ ಕೋಟಿನ ನೇಯ್ಗೆ, ಗಲ್ಲದ ರಂಧ್ರ, ಹಿಂದೆ ನಿಂತ ಗುಮಾಸ್ತನ ಕಣ್ಣು ಎಲ್ಲವೂ ಒಂದೇ ಸಲಕ್ಕೆ ಕಾಣುತ್ತವೆ. ಕತ್ತಲಿನ ದೃಶ್ಯಗಳಲ್ಲಿ ಓಡುವವರು ಒರೆಸಿದಂತೆ ಕಾಣುತ್ತಾರೆ, ಕಪ್ಪು ಜಾಗಗಳಲ್ಲಿ ಕಾಳು ಕಾಳಾಗಿ ನಾಯ್ಸ್ ಕುಣಿಯುತ್ತದೆ. ಇದು ಡಿಸ್ಕಿನ ದೋಷವೂ ಅಲ್ಲ, ನೆಟ್ಟಿನ ದೋಷವೂ ಅಲ್ಲ. ಕ್ಯಾಮೆರಾ ಹಿಡಿದದ್ದೇ 1920x1080 ಚಿತ್ರ, ಆದ್ದರಿಂದ 4ಕೆ ಹುಡುಕಿಕೊಂಡು ಹೋಗಿ ಹೆಚ್ಚೇನೂ ದಕ್ಕುವುದಿಲ್ಲ. ಒಳ್ಳೆ ಬ್ಲೂರೇ ಪ್ರತಿ ಸಾಕು. ದೀಪ ಆರಿಸಿ ನೋಡಿ. ಬ್ರೈಟ್‌ನೆಸ್ ಏರಿಸಲು ಹೋದರೆ ಕಪ್ಪೆಲ್ಲ ಬೂದಿಯಾಗಿ, ಆ ಕಾಳುಗಳೇ ಎದ್ದು ಕುಣಿಯುತ್ತವೆ.

ಶಬ್ದದ್ದು ಇನ್ನೊಂದು ಗೋಳು. ಮಾತು ಪಿಸುಗುಟ್ಟಿದಂತೆ, ಗುಂಡು ಕಿವಿಯಲ್ಲೇ ಸಿಡಿದಂತೆ. ಮಾತಿಗೆ ಸರಿಹೋಗುವಷ್ಟು ವಾಲ್ಯೂಮ್ ಇಟ್ಟರೆ ಮೊದಲ ಬ್ಯಾಂಕ್ ದರೋಡೆಗೇ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಸಬ್‌ಟೈಟಲ್ ಹಾಕಿಕೊಳ್ಳಿ. ಸೌಂಡ್‌ಬಾರಿನಲ್ಲಿ ನೈಟ್ ಮೋಡ್ ಇದ್ದರೆ ಬಳಸಿ. ಸಬ್‌ಟೈಟಲ್ ಇಲ್ಲದೆ ಯಾರು ಯಾರೆಂದು ತಿಳಿಯುವುದೂ ಕಷ್ಟ. ಗ್ಯಾಂಗಿನವರೆಲ್ಲ ಒಂದೇ ಥರದ ಟೋಪಿ, ಒಂದೇ ಥರದ ಓವರ್‌ಕೋಟು, ಹೆಸರುಗಳೋ ಹಾಗೆ ಬಂದು ಹೀಗೆ ಹೋಗುತ್ತವೆ. ಜಾನಿ ಡೆಪ್ ನಟಿಸಿದ ಡಿಲಿಂಜರ್ ಜೊತೆಗೆ ಮೂವರನ್ನು ಗುರುತಿಟ್ಟುಕೊಂಡರೆ ಸಾಕು. ನಂಬಿಕಸ್ಥ ಗೆಳೆಯ ರೆಡ್ ಹ್ಯಾಮಿಲ್ಟನ್ ಆಗಿ ಜೇಸನ್ ಕ್ಲಾರ್ಕ್, ಹುಚ್ಚುನಗೆಯ ಬೇಬಿ ಫೇಸ್ ನೆಲ್ಸನ್ ಆಗಿ ಸ್ಟೀಫನ್ ಗ್ರಹಾಂ, ಹೋಮರ್ ವ್ಯಾನ್ ಮೀಟರ್ ಆಗಿ ಸ್ಟೀಫನ್ ಡಾರ್ಫ್. ಉಳಿದವರು ಬಂದರೆ ಬರಲಿ, ಹೋದರೆ ಹೋಗಲಿ.

ಇನ್ನು ಡಿಲಿಂಜರ್ ಯಾರು ಎನ್ನುವುದಕ್ಕೆ ಸಿನಿಮಾ ಹೆಚ್ಚು ಸಮಯ ಕೊಡುವುದಿಲ್ಲ, ಇಲ್ಲಿ ಎರಡು ಮಾತು. 1903ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವನು. 1924ರಲ್ಲಿ ಮೂರ್ಸ್‌ವಿಲ್ ಊರಿನ ಒಬ್ಬ ದಿನಸಿ ಅಂಗಡಿಯವನನ್ನು ಹೊಡೆದು ದೋಚಲು ಹೋಗಿ ಸಿಕ್ಕಿಬಿದ್ದ. ಆ ಚಿಲ್ಲರೆ ಕೆಲಸಕ್ಕೆ 10ರಿಂದ 20 ವರ್ಷದ ಶಿಕ್ಷೆ. ಜೈಲಿನಲ್ಲಿ ಪಳಗಿದ ಬ್ಯಾಂಕ್ ದರೋಡೆಕೋರರ ಸಹವಾಸವಾಯಿತು, ಕಸುಬು ಅಲ್ಲೇ ಕಲಿತ. 1933ರ ಮೇ ತಿಂಗಳಲ್ಲಿ ಪರೋಲ್ ಮೇಲೆ ಹೊರಬಂದ. 1934ರ ಜುಲೈ 22ಕ್ಕೆ ಹೆಣವಾದ. ಅಮೆರಿಕ ಇವತ್ತಿಗೂ ಮಾತಾಡುವ ಡಿಲಿಂಜರ್ ಬದುಕಿದ್ದು ಈ 14 ತಿಂಗಳು ಮಾತ್ರ.

ಜಾಗಗಳ ವಿಷಯದಲ್ಲಿ ಮ್ಯಾನ್ ತೋರಿದ ಹಟಕ್ಕೆ ಸಲಾಮು ಹೊಡೆಯಲೇಬೇಕು. ಡಿಲಿಂಜರ್ ತಪ್ಪಿಸಿಕೊಂಡ ಕ್ರೌನ್ ಪಾಯಿಂಟ್ ಜೈಲು ಸಿನಿಮಾದಲ್ಲಿ ಅದೇ ಜೈಲು. ವಿಸ್ಕಾನ್ಸಿನ್ ಕಾಡಿನ ಲಿಟ್ಲ್ ಬೊಹೀಮಿಯಾ ಲಾಡ್ಜಿನ ಕಾಳಗ ತೆಗೆದದ್ದೂ ಅದೇ ಲಾಡ್ಜಿನಲ್ಲಿ. ಅವನು ಸತ್ತ ಜಾಗ ಚಿಕಾಗೋದ ಲಿಂಕನ್ ಅವೆನ್ಯೂವಿನ ಬಯೋಗ್ರಾಫ್ ಚಿತ್ರಮಂದಿರದ ಪಕ್ಕ. ಅದರ ಮುಂಭಾಗವನ್ನೇ 1934ರ ರೂಪಕ್ಕೆ ತಿರುಗಿಸಿ ಅಲ್ಲೇ ಚಿತ್ರೀಕರಿಸಿದರು. ರಸೀನ್ ಬ್ಯಾಂಕಿನ ದರೋಡೆಗೆ ಮಿಲ್ವಾಕಿಯ ಒಂದು ಹಳೆ ಬ್ಯಾಂಕ್ ಕಟ್ಟಡ. ಅಮೃತಶಿಲೆಯ ನೆಲದ ಮೇಲೆ ಬೂಟಿನ ಸದ್ದು, ಕೌಂಟರ್ ಮೇಲೆ ಒಂದು ಕೈಯೂರಿ ಹಾರುವ ಡಿಲಿಂಜರ್, 50 ಗುಂಡಿನ ದುಂಡು ಮ್ಯಾಗಜಿನ್ ಸಿಕ್ಕಿಸಿದ ಥಾಂಪ್ಸನ್ ಗನ್ನು. ಆ ದುಂಡು ಡಬ್ಬಿ ತುಂಬಿದಾಗ ಎಷ್ಟು ಭಾರ ಎನ್ನುವುದು ನಟರು ಗನ್ನನ್ನು ಸೊಂಟಕ್ಕೆ ಒತ್ತಿ ಹಿಡಿಯುವ ರೀತಿಯಲ್ಲೇ ತಿಳಿಯುತ್ತದೆ.

ಇಷ್ಟೆಲ್ಲ ಜಾಗರೂಕತೆ ಕ್ಯಾಲೆಂಡರಿನ ಹತ್ತಿರ ಬಂದಾಗ ಎಲ್ಲಿ ಹೋಯಿತೋ.

ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಡಿಲಿಂಜರ್ ಖುದ್ದಾಗಿ ಮಿಷಿಗನ್ ಸಿಟಿ ಜೈಲಿನೊಳಗೆ ನುಗ್ಗಿ ಗೆಳೆಯರನ್ನು ಬಿಡಿಸಿ ತರುತ್ತಾನೆ. ನಡೆದದ್ದು ಹೀಗಲ್ಲ. ಜೈಲಿನ ಅಂಗಿ ಕಾರ್ಖಾನೆಗೆ ಬರುವ ದಾರದ ಪೆಟ್ಟಿಗೆಯಲ್ಲಿ ಪಿಸ್ತೂಲುಗಳನ್ನು ಒಳಗೆ ಸಾಗಿಸಿದ್ದು ಅವನೇ ಹೂಡಿದ ಉಪಾಯ, ಅದು ನಿಜ. ಆದರೆ 1933ರ ಸೆಪ್ಟೆಂಬರ್ 26ರಂದು ಹತ್ತು ಕೈದಿಗಳು ಹೊರಬಂದಾಗ ಡಿಲಿಂಜರ್ ಓಹಾಯೋದಲ್ಲಿ ಕಂಬಿಯ ಹಿಂದೆ ಕೂತಿದ್ದ, ನಾಲ್ಕು ದಿನ ಮೊದಲಷ್ಟೇ ಸಿಕ್ಕಿಬಿದ್ದಿದ್ದ. ಹೊರಬಂದ ಹ್ಯಾರಿ ಪಿಯರ್‌ಪಾಂಟ್ ಮತ್ತು ಜೊತೆಗಾರರು ಅಕ್ಟೋಬರ್ 12ರಂದು ಅವನಿದ್ದ ಓಹಾಯೋದ ಲೈಮಾ ಜೈಲಿಗೆ ಹೋಗಿ, ಷೆರಿಫ್ ಜೆಸ್ ಸಾರ್ಬರ್‌ನನ್ನು ಕೊಂದು ಇವನನ್ನು ಬಿಡಿಸಿದರು. ಬಿಡಿಸಲು ಹೋದವನು, ಬಿಡುಗಡೆಯಾದವನು ಇಬ್ಬರೂ ಸಿನಿಮಾದಲ್ಲಿ ಅದಲುಬದಲಾಗಿದ್ದಾರೆ. ಈ ಬದಲಾವಣೆ ಸಣ್ಣದಲ್ಲ. ಗೆಳೆಯರಿಗಾಗಿ ಪ್ರಾಣ ಕೊಡುವವನು ಎಂಬ ಚಿತ್ರ ಮೊದಲ ಐದು ನಿಮಿಷದಲ್ಲೇ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಅದರ ನೆರಳಲ್ಲೇ ಕಾಣುತ್ತದೆ. ಸಾರ್ಬರ್‌ನ ಹೆಣ ಈ ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗುತ್ತದೆ.

ಸಾವುಗಳ ಸರದಿಯಂತೂ ಪೂರಾ ಕಲಸಿಹೋಗಿದೆ. ಸಿನಿಮಾದಲ್ಲಿ ಪ್ರಿಟಿ ಬಾಯ್ ಫ್ಲಾಯ್ಡ್ ಎಂಬ ಇನ್ನೊಬ್ಬ ದರೋಡೆಕೋರನನ್ನು ಕೇಂದ್ರ ತನಿಖಾ ಇಲಾಖೆಯ (ಇಂದಿನ ಎಫ್‌ಬಿಐ) ಏಜೆಂಟ್ ಮೆಲ್ವಿನ್ ಪರ್ವಿಸ್ ಆರಂಭದಲ್ಲೇ ಸೇಬಿನ ತೋಟದಲ್ಲಿ ಹೊಡೆದುರುಳಿಸುತ್ತಾನೆ, ಆ ಹೆಸರಿನಿಂದಲೇ ಡಿಲಿಂಜರ್ ಬೇಟೆಯ ಹೊಣೆ ಅವನಿಗೆ ಸಿಗುತ್ತದೆ. ಫ್ಲಾಯ್ಡ್ ಸತ್ತದ್ದು 1934ರ ಅಕ್ಟೋಬರ್ 22ರಂದು, ಡಿಲಿಂಜರ್ ಸತ್ತು ಸರಿಯಾಗಿ ಮೂರು ತಿಂಗಳಿಗೆ. ನೆಲ್ಸನ್ ಮತ್ತು ವ್ಯಾನ್ ಮೀಟರ್ ಇಬ್ಬರನ್ನೂ ಲಿಟ್ಲ್ ಬೊಹೀಮಿಯಾದ ರಾತ್ರಿಯಲ್ಲೇ ಮುಗಿಸಲಾಗಿದೆ. ವ್ಯಾನ್ ಮೀಟರ್ ಸತ್ತದ್ದು ಆಗಸ್ಟ್ 23ರಂದು ಸೇಂಟ್ ಪಾಲ್‌ನಲ್ಲಿ. ನೆಲ್ಸನ್ ನವೆಂಬರ್ 27ರವರೆಗೆ ಬದುಕಿದ್ದ. ಸಾಯುವ ಮುನ್ನ ಬ್ಯಾರಿಂಗ್ಟನ್ ಹತ್ತಿರ ಇಬ್ಬರು ಏಜೆಂಟರ ಪ್ರಾಣ ತೆಗೆದ. ಅವರಲ್ಲೊಬ್ಬ, ಹರ್ಮನ್ ಹಾಲಿಸ್, ಡಿಲಿಂಜರ್ ಮೇಲೆ ಗುಂಡು ಹಾರಿಸಿದ ಮೂವರಲ್ಲಿ ಒಬ್ಬ.

ಎರಡೂವರೆ ಗಂಟೆಯೊಳಗೆ ಕಥೆ ಕಟ್ಟಬೇಕಾದವನು ಇಷ್ಟು ಅಡ್ಡದಾರಿ ಹಿಡಿಯುವುದು ಸಹಜ ಎನ್ನಬಹುದು. ನಮ್ಮ ತಕರಾರು ಸುಳ್ಳು ಹೇಳಿದ್ದಕ್ಕಲ್ಲ, ಸತ್ಯ ಇನ್ನೂ ರೋಚಕವಾಗಿದ್ದ ಕಡೆ ಸುಳ್ಳು ಹೇಳಿದ್ದಕ್ಕೆ. ಲಿಟ್ಲ್ ಬೊಹೀಮಿಯಾವನ್ನೇ ನೋಡಿ. 1934ರ ಏಪ್ರಿಲ್ 22, ಭಾನುವಾರ ರಾತ್ರಿ. ಪರ್ವಿಸ್ ತಂಡ ಕಾಡಿನ ದಾರಿಯಲ್ಲಿ ಲಾಡ್ಜಿನತ್ತ ಹೋಗುತ್ತಿದ್ದಂತೆ ನಾಯಿಗಳು ಬೊಗಳುತ್ತವೆ. ಅಷ್ಟರಲ್ಲಿ ಊಟ ಮುಗಿಸಿದ ಮೂವರು ಗಿರಾಕಿಗಳು ಕಾರು ಹತ್ತುತ್ತಾರೆ. ಕಾರಿನ ರೇಡಿಯೋ ಜೋರಾಗಿದ್ದರಿಂದ "ನಿಲ್ಲಿಸಿ" ಎಂದದ್ದು ಕೇಳಿಸುವುದಿಲ್ಲ. ಏಜೆಂಟರು ಗುಂಡು ಹಾರಿಸುತ್ತಾರೆ. ಯೂಜೀನ್ ಬಾಯ್ಸ್‌ನೋ ಎಂಬ ಅಮಾಯಕ ಸಾಯುತ್ತಾನೆ, ಉಳಿದಿಬ್ಬರಿಗೆ ಗಾಯ. ಆ ಸದ್ದು ಕೇಳಿಯೇ ಡಿಲಿಂಜರ್ ಮತ್ತು ಜೊತೆಗಾರರು ಹಿಂದಿನ ಕಿಟಕಿಯಿಂದ ಇಳಿದು, ಕೆರೆಯ ದಂಡೆ ಹಿಡಿದು ಕತ್ತಲಲ್ಲಿ ಕರಗಿಹೋಗುತ್ತಾರೆ. ಏಜೆಂಟರು ಖಾಲಿಯಾದ ಮಹಡಿಗೆ ಬೆಳಗಿನವರೆಗೆ ಕಾವಲು ಕಾಯುತ್ತಾರೆ. ಬೇರೆ ದಾರಿಯಲ್ಲಿ ಓಡಿದ ನೆಲ್ಸನ್ ಒಂದು ಮನೆಯ ಮುಂದೆ ಕಾರ್ಟರ್ ಬಾಮ್ ಎಂಬ ಏಜೆಂಟನನ್ನು ಕೊಂದು ಇಲಾಖೆಯ ಕಾರಿನಲ್ಲೇ ಪರಾರಿ. ಕೈಗೆ ಸಿಕ್ಕ ಕಳ್ಳರ ಸಂಖ್ಯೆ ಸೊನ್ನೆ.

ಸಿನಿಮಾ ಕಾರಿನ ಪ್ರಮಾದವನ್ನು ಮುಚ್ಚಿಡದೆ ತೋರಿಸುತ್ತದೆ, ಅದಕ್ಕೆ ಪೂರ್ತಿ ಅಂಕ. ನಂತರದ ಗುಂಡಿನ ಕಾಳಗ ಈ ಸಿನಿಮಾದ ತುತ್ತತುದಿ. ಮರಗಳ ಕಪ್ಪು, ಬಾಯಿಂದ ಹೊಮ್ಮುವ ಹಬೆ, ಗನ್ನಿನ ಬಾಯಿಂದ ಚಿಮ್ಮುವ ಬೆಂಕಿಯೇ ಆ ಕ್ಷಣದ ದೀಪ. ಮುಖ ಕಂಡಿತು ಎನ್ನುವಷ್ಟರಲ್ಲಿ ಮಾಯ. ಡಿಜಿಟಲ್ ಕ್ಯಾಮೆರಾ ಏಕೆ ಬೇಕಿತ್ತು ಎಂಬುದಕ್ಕೆ ಉತ್ತರ ಇಲ್ಲಿದೆ. ಆದರೆ ಕೊನೆಗೆ ಅಟ್ಟಿಸಿಕೊಂಡು ಹೋಗಿ ಇಬ್ಬರನ್ನು ಮುಗಿಸುವುದರಿಂದ ಆ ರಾತ್ರಿ ಅರ್ಧ ಗೆಲುವಿನಂತೆ ಕಾಣುತ್ತದೆ. ಇಲಾಖೆಯ ಮರ್ಯಾದೆ ಮಣ್ಣುಪಾಲಾದ, ಇಲಾಖೆಯ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕುರ್ಚಿಯೇ ಅಲ್ಲಾಡಿದ ರಾತ್ರಿ ಅದು. ಆ ಸೋಲಿನ ಭಾರ ಪ್ರೇಕ್ಷಕನ ಎದೆಗೆ ಇಳಿಯುವುದೇ ಇಲ್ಲ.

ಕ್ರೌನ್ ಪಾಯಿಂಟ್ ಜೈಲಿನ ಪ್ರಸಂಗವನ್ನು ಮಾತ್ರ ಹೆಚ್ಚು ಕೈ ಹಾಕದೆ ಬಿಟ್ಟಿದ್ದಾರೆ. ಸರ್ಕಾರಿ ವಕೀಲ ರಾಬರ್ಟ್ ಎಸ್ಟಿಲ್‌ನ ಹೆಗಲ ಮೇಲೆ ಡಿಲಿಂಜರ್ ಮೊಣಕೈ ಊರಿ ನಿಂತ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಜ. ಕೈದಿ ಮದುಮಗನ ಹಾಗೆ, ಮರಣದಂಡನೆ ಕೊಡಿಸಬೇಕಾದ ವಕೀಲ ಬೀಗನ ಹಾಗೆ. ಜಾನಿ ಡೆಪ್ ಆ ಮೊಣಕೈ ಊರುವ ಗಳಿಗೆಯನ್ನು ಗಮನಿಸಿ. ಮೊದಲು ಕ್ಯಾಮೆರಾಗಳನ್ನು ಎಣಿಸುವವನಂತೆ ಒಮ್ಮೆ ಕಣ್ಣಾಡಿಸಿ, ಆಮೇಲೆ ಏನೂ ಅಲ್ಲವೆಂಬಂತೆ ಕೈ ಮೇಲೆತ್ತುತ್ತಾನೆ. 1934ರ ಮಾರ್ಚ್ 3ರಂದು ಮರದ ಪಿಸ್ತೂಲು ತೋರಿಸಿ ಹೊರಬಂದು ಷೆರಿಫ್ ಲಿಲಿಯನ್ ಹಾಲಿಯ ಫೋರ್ಡ್ ವಿ8 ಕಾರಿನಲ್ಲೇ ಹೋದದ್ದೂ ನಿಜ. ಜೈಲಿನ ಮುಂದೆ ಸೈನಿಕರ ಕಾವಲಿರುವಾಗ ಕೆಂಪು ದೀಪಕ್ಕೆ ಕಾರು ನಿಲ್ಲಿಸಿಕೊಂಡು ಕಾಯುವ ದೃಶ್ಯ ಇದೆಯಲ್ಲ, ಬಂದೂಕು ಒಂದೂ ಸಿಡಿಯದೆ ಉಸಿರು ಬಿಗಿಹಿಡಿಸುವ ಜಾಗ ಅದೊಂದೇ. ಇಲ್ಲೊಂದು ಕಾನೂನಿನ ಎಳೆ ಗೊತ್ತಿದ್ದರೆ ರುಚಿ ಹೆಚ್ಚು. ಆಗ ಬ್ಯಾಂಕ್ ದರೋಡೆ ಕೇಂದ್ರ ಸರ್ಕಾರದ ಅಪರಾಧವೇ ಆಗಿರಲಿಲ್ಲ. ಆ ಕಾನೂನು ಬಂದದ್ದು 1934ರ ಮೇ ತಿಂಗಳಲ್ಲಿ. ಹೂವರ್ ಇಲಾಖೆಗೆ ಡಿಲಿಂಜರ್ ಬೆನ್ನಟ್ಟಲು ಸಿಕ್ಕ ಅಧಿಕಾರ ಒಂದೇ ಒಂದು. ಕದ್ದ ಕಾರನ್ನು ರಾಜ್ಯದ ಗಡಿ ದಾಟಿಸುವುದು 1919ರಿಂದಲೇ ಕೇಂದ್ರದ ಅಪರಾಧವಾಗಿತ್ತು. ಷೆರಿಫ್ ಕಾರು ಇಂಡಿಯಾನಾದಿಂದ ಇಲಿನಾಯ್ಸ್‌ಗೆ ದಾಟಿದ ಗಳಿಗೆಯಲ್ಲೇ ಅವನ ಹಣೆಬರಹ ಬದಲಾಯಿತು. ಅಷ್ಟು ಬ್ಯಾಂಕುಗಳಿಂದ ಆಗದ್ದು ಒಂದು ಕಾರಿನಿಂದ ಆಯಿತು.

ಕಾಲ ಬದಲಾಗುತ್ತಿದೆ ಎನ್ನುವುದನ್ನು ಸಿನಿಮಾ ಅತ್ಯಂತ ಜಾಣತನದಿಂದ ಹೇಳುವುದು ಒಂದು ಫೋನ್ ಕೋಣೆಯಲ್ಲಿ. ಚಿಕಾಗೋದ ಭೂಗತ ಸಿಂಡಿಕೇಟಿನವನೊಬ್ಬ ಡಿಲಿಂಜರ್‌ನನ್ನು ಒಳಗೆ ಕರೆದೊಯ್ಯುತ್ತಾನೆ. ಸಾಲುಸಾಲು ಮೇಜು, ಸಾಲುಸಾಲು ಫೋನು, ಕುದುರೆ ಜೂಜಿನ ಲೆಕ್ಕ ಬರೆದುಕೊಳ್ಳುವ ಗುಮಾಸ್ತರು. ಗ್ರೀನ್‌ಕ್ಯಾಸಲ್ ಬ್ಯಾಂಕಿನಲ್ಲಿ ಡಿಲಿಂಜರ್ ದೋಚಿದ್ದು 74,802 ಡಾಲರ್. ಈ ಫೋನುಗಳು ಅಷ್ಟನ್ನು ದಿನಾ ದುಡಿಯುತ್ತವೆ, ಯಾರಿಗೂ ಗುಂಡು ಹೊಡೆಯದೆ. ನಿನ್ನ ಹಿಂದೆ ಪೊಲೀಸರು ಬರುತ್ತಾರೆ, ಧಂದೆಗೆ ತೊಂದರೆ, ಇನ್ನು ನೀನು ಬೇಡ ಎಂಬುದು ಅವನ ಮಾತಿನ ಸಾರ. ಡೆಪ್ ಉತ್ತರಿಸುವುದಿಲ್ಲ. ಗಡಂಗಿನಂಗಡಿಯ ಸಾಲಗಾರನನ್ನು ಆಚೆ ಕಳಿಸಿದಂತೆ ಅವನನ್ನು ಆಚೆ ಕಳಿಸುತ್ತಾರೆ. ಪೊಲೀಸರಿಗಿಂತ ಮೊದಲು ಕಳ್ಳರೇ ಅವನನ್ನು ಕೈಬಿಟ್ಟರು. ಈ ದೃಶ್ಯ ಮೂರು ನಿಮಿಷವೂ ಇಲ್ಲ, ತಪ್ಪಿಸಿಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೆ ದೊಡ್ಡ ಕೊರತೆಗೆ ಬರೋಣ. ಇದು ಜನರ ಕಣ್ಮಣಿಯಾದ ಕಳ್ಳನ ಕಥೆ, ಆದರೆ ಇದರಲ್ಲಿ ಜನರಿಲ್ಲ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಠೇವಣಿಗೆ ಕೇಂದ್ರದ ವಿಮೆ ಆಗ ಇರಲಿಲ್ಲ. ಬ್ಯಾಂಕ್ ಮುಚ್ಚಿತು ಎಂದರೆ ಜನ್ಮವಿಡೀ ಕೂಡಿಟ್ಟದ್ದು ನೀರುಪಾಲು. ನಾಲ್ವರಲ್ಲಿ ಒಬ್ಬನಿಗೆ ಕೆಲಸವಿಲ್ಲ, ಸಾಲ ತೀರಿಸದ ರೈತನ ಹೊಲ ಹರಾಜು. ಹೀಗಿರುವಾಗ ಒಬ್ಬ ಬಂದು ಅದೇ ಬ್ಯಾಂಕನ್ನು ದೋಚಿ, ಕೌಂಟರ್ ಮುಂದೆ ನಿಂತ ಗಿರಾಕಿಯ ದುಡ್ಡನ್ನು ಮುಟ್ಟದೆ ಹೋದ ಎಂದು ಪತ್ರಿಕೆ ಬರೆದರೆ ಜನ ಏನು ಮಾಡುತ್ತಾರೆ? ನಮ್ಮಲ್ಲಾದರೆ ಲಾವಣಿ ಕಟ್ಟಿ ಜಾತ್ರೆಯಲ್ಲಿ ಹಾಡುತ್ತಿದ್ದರು. ಅಲ್ಲಿ ಥಿಯೇಟರಿನ ಸುದ್ದಿಚಿತ್ರದಲ್ಲಿ (ನ್ಯೂಸ್‌ರೀಲು) ಅವನು ಬಂದಾಗ ಚಪ್ಪಾಳೆ ತಟ್ಟಿದರು.

ಇದರಲ್ಲಿ ಸಿನಿಮಾಕ್ಕೆ ದಕ್ಕಿದ್ದು ಒಂದು ದೃಶ್ಯ. ಜೈಲಿನಿಂದ ತಪ್ಪಿಸಿಕೊಂಡವರು ಬಟ್ಟೆ ಬದಲಿಸಲು ನಿಲ್ಲುವ ಒಂಟಿ ತೋಟದ ಮನೆ. ಮಾಸಿದ ಉಡುಪಿನ ಹೆಣ್ಣುಮಗಳೊಬ್ಬಳು ಹೊರಡುವ ಹೊತ್ತಿಗೆ ಡಿಲಿಂಜರ್ ಬಳಿ ಬಂದು, ನನ್ನನ್ನೂ ಕರೆದುಕೊಂಡು ಹೋಗಿ ಎನ್ನುತ್ತಾಳೆ. ಆಗದು ಎಂದು ಅವನು ಮೆಲ್ಲಗೆ ಹೇಳಿ ಕಾರು ಹತ್ತುತ್ತಾನೆ. ಹಿಂದೆ ಧೂಳು, ಬಟಾಬಯಲು. ಇಡೀ ಆರ್ಥಿಕ ಮುಗ್ಗಟ್ಟು ಆ ಒಂದು ಬೇಡಿಕೆಯಲ್ಲಿದೆ. ಆಮೇಲೆ ಜನ ಬರುವುದು ರಸ್ತೆ ಬದಿಯಲ್ಲಿ ಕೈ ಬೀಸುವ ಗುಂಪಾಗಿ ಮಾತ್ರ. ಅವರು ಯಾಕೆ ಬೀಸುತ್ತಿದ್ದಾರೆ ಎಂದು ಕ್ಯಾಮೆರಾ ಒಮ್ಮೆಯೂ ನಿಂತು ಕೇಳುವುದಿಲ್ಲ. ಆ ಕಾಲದ ಅರಿವಿಲ್ಲದೆ ಕೂತವರಿಗೆ ಡಿಲಿಂಜರ್ ಚೆಂದದ ಕೋಟು ತೊಟ್ಟ ಒಬ್ಬ ಕಳ್ಳ, ಅಷ್ಟೆ. ಅವನಿಗೆ ಇಷ್ಟೊಂದು ಅಭಿಮಾನ ಯಾಕೆ ಎಂದು ಕಕ್ಕಾಬಿಕ್ಕಿಯಾಗುವುದು ಅವರ ತಪ್ಪಲ್ಲ.

ಇನ್ನೊಂದು ಕಡೆ ಅವನ ಕೈಗೆ ಅಂಟಿದ ರಕ್ತವನ್ನೂ ಒರೆಸಲಾಗಿದೆ. 1934ರ ಜನವರಿ 15ರಂದು ಈಸ್ಟ್ ಚಿಕಾಗೋ ಬ್ಯಾಂಕಿನ ಹೊರಗೆ ವಿಲಿಯಂ ಪ್ಯಾಟ್ರಿಕ್ ಒಮ್ಯಾಲಿ ಎಂಬ ಪೊಲೀಸನನ್ನು ಕೊಂದ ಆರೋಪ ಡಿಲಿಂಜರ್ ಮೇಲಿತ್ತು. ಕ್ರೌನ್ ಪಾಯಿಂಟ್ ಜೈಲಿನಲ್ಲಿ ಅವನಿದ್ದದ್ದೇ ಆ ಮೊಕದ್ದಮೆಗಾಗಿ. ವಿಚಾರಣೆ ನಡೆಯುವ ಮುನ್ನವೇ ತಪ್ಪಿಸಿಕೊಂಡ, ಆರೋಪ ಆರೋಪವಾಗಿಯೇ ಉಳಿಯಿತು. ಆ ದರೋಡೆಯನ್ನು ತೋರಿಸಿದ್ದರೆ ಪ್ರೇಕ್ಷಕನಿಗೆ ನಾಯಕನ ಮೇಲಿನ ಪ್ರೀತಿಯನ್ನು ಒಮ್ಮೆ ತೂಗಿ ನೋಡಬೇಕಾಗುತ್ತಿತ್ತು. ಸಿನಿಮಾ ಆ ತಕ್ಕಡಿಯನ್ನು ಹೊರಗೇ ತೆಗೆಯಲಿಲ್ಲ.

ನಟನೆಯ ಬಗ್ಗೆ ಹೇಳುವುದಾದರೆ, ಡೆಪ್‌ಗೆ ಚಿತ್ರೀಕರಣದ ವೇಳೆ 45ರ ಆಸುಪಾಸು, ಡಿಲಿಂಜರ್ ಸತ್ತದ್ದು 31ಕ್ಕೆ. ವಯಸ್ಸಿನ ಅಂತರ ಮರೆಸುವಷ್ಟು ತಣ್ಣಗೆ ನಟಿಸಿದ್ದಾನೆ, ಅತಿಯಾಗಿ ಏನನ್ನೂ ಮಾಡುವುದಿಲ್ಲ. ಪರ್ವಿಸ್ ಪಾತ್ರದ ಕ್ರಿಶ್ಚಿಯನ್ ಬೇಲ್ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಕೊನೆಯವರೆಗೂ ಒಂದೇ ಮಡಿಕೆಯಲ್ಲಿದ್ದಾನೆ. ಅವನಿಗೆ ಬರೆದದ್ದೇ ಕಡಿಮೆ. ಹೂವರ್ ಆಗಿ ಬಿಲ್ಲಿ ಕ್ರುಡಪ್ ಮೂರ್ನಾಲ್ಕು ದೃಶ್ಯಗಳಲ್ಲೇ ಎಲ್ಲರನ್ನೂ ಹಿಂದೆ ಹಾಕುತ್ತಾನೆ, ಆ ಕತ್ತರಿಸಿದಂಥ ಮಾತಿನ ಧಾಟಿ ಕೇಳಿ. ಡಿಲಿಂಜರ್‌ನ ಪ್ರೇಯಸಿ ಬಿಲಿ ಫ್ರೆಶೆಟ್ ಪಾತ್ರದ ಮರಿಯನ್ ಕೊಟಿಯಾರ್‌ಗೆ ಪ್ರೇಮ ದೃಶ್ಯಗಳಲ್ಲಿ ಮಾಡಲು ಹೆಚ್ಚೇನಿಲ್ಲ, ಆದರೆ ಕುರ್ಚಿಗೆ ಕೂರಿಸಿ ಹೊಡೆಯುವ ವಿಚಾರಣೆಯ ದೃಶ್ಯ ಪೂರ್ತಿ ಅವಳದು. ಆ ಕೋಣೆಯಲ್ಲಿ ಕಳ್ಳರು ಯಾರು, ಪೊಲೀಸರು ಯಾರು ಎಂಬ ಪ್ರಶ್ನೆ ಡೈಲಾಗಿಲ್ಲದೇ ಏಳುತ್ತದೆ.

ಬಯೋಗ್ರಾಫ್ ದೃಶ್ಯಕ್ಕೆ ಬಂದಾಗ ತಾರೀಖುಗಳ ಸಿಟ್ಟೆಲ್ಲ ಇಳಿದುಹೋಗುತ್ತದೆ. ಅದಕ್ಕೆ ಮೊದಲೇ ಇನ್ನೊಂದು ಥಿಯೇಟರಿನ ಪ್ರಸಂಗದಲ್ಲಿ ಮ್ಯಾನ್ ಬೀಜ ಬಿತ್ತಿರುತ್ತಾನೆ. ಪರದೆ ಮೇಲೆ ಡಿಲಿಂಜರ್ ಮುಖ, ದೀಪ ಹತ್ತುತ್ತದೆ, ಅಪರಾಧಿ ನಿಮ್ಮ ಸಾಲಿನಲ್ಲೇ ಇರಬಹುದು, ಬಲಕ್ಕೆ ನೋಡಿ, ಎಡಕ್ಕೆ ನೋಡಿ ಎಂಬ ಸೂಚನೆ. ಇಡೀ ಸಭಾಂಗಣ ಶಾಲಾ ಮಕ್ಕಳಂತೆ ಒಟ್ಟಿಗೆ ತಲೆ ತಿರುಗಿಸುತ್ತದೆ. ನಡುವೆ ಕೂತವನನ್ನು ಯಾರೂ ಗುರುತಿಸುವುದಿಲ್ಲ. ಬಯೋಗ್ರಾಫ್‌ನಲ್ಲಿ ಅವನು ನೋಡುವುದು ಕ್ಲಾರ್ಕ್ ಗೇಬಲ್ ನಟಿಸಿದ 'ಮ್ಯಾನ್‌ಹ್ಯಾಟನ್ ಮೆಲೊಡ್ರಾಮಾ'. ನಿಜವಾದ ಡಿಲಿಂಜರ್ ಕೊನೆಯದಾಗಿ ನೋಡಿದ್ದೂ ಅದನ್ನೇ. ಹೊರಗೆ ಪರ್ವಿಸ್ ಸಿಗಾರ್ ಹೊತ್ತಿಸುವುದು ಗುರುತಿನ ಸನ್ನೆ, ಅದೂ ನಡೆದದ್ದೇ. ಸುಳಿವು ಕೊಟ್ಟ ಆನಾ ಸೇಜ್ ಅಂದು ಉಟ್ಟಿದ್ದು ಕಿತ್ತಳೆ ಬಣ್ಣದ ಸ್ಕರ್ಟ್, ಥಿಯೇಟರ್ ದೀಪದ ಬೆಳಕಿಗೆ ಕೆಂಪಾಗಿ ಕಂಡು 'ಕೆಂಪುಡುಗೆಯ ಹೆಂಗಸು' ಎಂಬ ಹೆಸರು ಅಂಟಿತು. ವಸ್ತ್ರವಿನ್ಯಾಸದವರು ಆ ಕಿತ್ತಳೆಯನ್ನು ಮರೆತಿಲ್ಲ. ಸಾಯುವ ಮುನ್ನ ಅವನು ಏಜೆಂಟನ ಕಿವಿಯಲ್ಲಿ ಏನೋ ಉಸುರಿದ ಎನ್ನುವುದು ಮಾತ್ರ ಕಟ್ಟುಕಥೆ. ಆದರೂ ಆ ಏಜೆಂಟ್ ಚಾರ್ಲ್ಸ್ ವಿನ್‌ಸ್ಟೆಡ್ ಆಗಿ ಸ್ಟೀಫನ್ ಲ್ಯಾಂಗ್ ಆ ಮಾತನ್ನು ಬಿಲಿಗೆ ತಲುಪಿಸುವ ದೃಶ್ಯದಲ್ಲಿ ಗಂಟಲು ಕಟ್ಟುತ್ತದೆ, ಸುಳ್ಳಾದರೂ ಒಪ್ಪಿಕೊಂಡೆವು.

ಕೊನೆಯಲ್ಲಿ ಬರುವ ಅಕ್ಷರಗಳನ್ನು ಓದುವಾಗ ಸ್ವಲ್ಪ ಹುಷಾರು. ಪರ್ವಿಸ್ 1960ರಲ್ಲಿ ತನ್ನ ಕೈಯಾರೆ ಸತ್ತ ಎಂದು ಅವು ಖಚಿತವಾಗಿ ಹೇಳಿಬಿಡುತ್ತವೆ. ಅವನದೇ ಪಿಸ್ತೂಲಿನ ಗುಂಡು ತಗುಲಿದ್ದು ನಿಜ, ಆಕಸ್ಮಿಕವೋ ಬೇಕೆಂದೇ ಆದದ್ದೋ ಎಂಬ ವಾದ ಮುಗಿದಿಲ್ಲ. ಆನಾ ಸೇಜ್ ಸುಳಿವು ಕೊಟ್ಟದ್ದು ತನ್ನನ್ನು ದೇಶದಿಂದ ಹೊರಹಾಕದಿರಲಿ ಎಂಬ ಆಸೆಗೆ. ಬಹುಮಾನವಾಗಿ 5,000 ಡಾಲರ್ ಕೊಟ್ಟರು, 1936ರಲ್ಲಿ ರುಮೇನಿಯಾದ ಹಡಗು ಹತ್ತಿಸಿದರು.